ಲಡ್ಡು ಹಿಡಿದ ಮರದಲ್ಲಿ ಬಟ್ಟಲು ಕಡೆಯುವ ಮುನ್ನ: ಯಾವ ಅಂಟು, ಯಾವ ರೆಸಿನ್?

ಮಳೆಗಾಲದಲ್ಲಿ ಉರುಳಿದ ಮಾವಿನ ದಿಮ್ಮಿ ವರ್ಷವಿಡೀ ನೆಲದ ಮೇಲೆ ಬಿದ್ದಿದ್ದರೆ ಹೆಚ್ಚಿನವರು ಅದನ್ನು ಸೌದೆ ಅಂತಲೇ ನೋಡುತ್ತಾರೆ. ಕೊಯ್ದು ನೋಡಿದರೆ ಒಳಗೆ ತೆಳ್ಳನೆಯ ಕಪ್ಪು ಗೆರೆಗಳು, ಕಂದು, ಹಳದಿ, ಬಿಳಿ ಪಟ್ಟೆಗಳು. ಬಟ್ಟಲು ಕಡೆಯುವವರಿಗೆ ಇದಕ್ಕಿಂತ ಚಂದದ ಮರ ಸಿಗುವುದು ಕಷ್ಟ. ಇದಕ್ಕೆ ಸ್ಪಾಲ್ಟಿಂಗ್ ಅಂತ ಹೆಸರು. ಆದರೆ ಆ ಚಂದ ಬಂದಿರುವುದು ಮರ ಕೊಳೆಯುತ್ತಿರುವುದರಿಂದಲೇ ಅಲ್ವಾ? ಲೇತ್‌ಗೆ (ಮರವನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಏರಿಸಿದಾಗ ಗಟ್ಟಿ ಭಾಗ ನುಣ್ಣಗೆ ಸುಲಿದು ಬರುತ್ತದೆ. ಲಡ್ಡು ಹಿಡಿದ, ಅಂದರೆ ಕೊಳೆತು ಮೆತ್ತಗಾದ, ಭಾಗ ಕಿತ್ತು ಬರುತ್ತದೆ.

ಆ ಮೆತ್ತನೆ ಭಾಗವನ್ನು ಗಟ್ಟಿ ಮಾಡಲು ಹಲವು ದಾರಿಗಳಿವೆ. ಸೂಪರ್ ಗ್ಲೂ, ಅರಗು, ಎಪಾಕ್ಸಿ, ಅಸಿಟೋನ್‌ನಲ್ಲಿ ಕರಗಿಸಿದ ಅಕ್ರಿಲಿಕ್, ವ್ಯಾಕ್ಯೂಮ್ ಹಾಕಿ, ಅಂದರೆ ಗಾಳಿ ಹೊರಗೆಳೆದು, ತುಂಬುವ ರೆಸಿನ್ (ಗಟ್ಟಿಯಾದರೆ ಪ್ಲಾಸ್ಟಿಕ್ಕಿನಂತಾಗುವ ಅಂಟು). ಯಾವುದು ಒಳ್ಳೆಯದು ಅನ್ನುವುದನ್ನು ಡಬ್ಬಿ ನೋಡಿ ಹೇಳಲಾಗುವುದಿಲ್ಲ. ಮರ ಎಷ್ಟು ಕೊಳೆತಿದೆ, ಎಷ್ಟು ಒದ್ದೆಯಿದೆ, ಇವೆರಡು ಗೊತ್ತಾದ ಮೇಲೆಯೇ ಆಯ್ಕೆ. ಹೆಚ್ಚಿನ ಬಟ್ಟಲುಗಳಿಗೆ ಅತಿ ದುಬಾರಿ ದಾರಿ ಬೇಕಾಗುವುದೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೊಳೆತದ ಬಗೆ ಯಾವುದು?

ಮರ ತಿನ್ನುವ ಬೂಷ್ಟುಗಳಲ್ಲಿ ಎರಡು ಮುಖ್ಯ ಜಾತಿ. ಒಂದು ಬಿಳಿ ಕೊಳೆ. ಇದು ಮರದ ಎಳೆಗಳನ್ನು ಬೆಸೆದಿಡುವ ಲಿಗ್ನಿನ್ ತಿನ್ನುತ್ತದೆ, ಜೊತೆಗೆ ನಿಧಾನಕ್ಕೆ ಎಳೆಗಳಿಗೆ ಬಲ ಕೊಡುವ ಸೆಲ್ಯುಲೋಸನ್ನೂ ತಿನ್ನುತ್ತದೆ. ಮರ ಬಿಳಿಚಿಕೊಂಡು ನಾರುನಾರಾಗುತ್ತದೆ, ಹಗುರಾಗುತ್ತದೆ. ಆದರೂ ಬಹಳ ಕಾಲ ಒಂದಾಗಿ ಹಿಡಿದುಕೊಂಡಿರುತ್ತದೆ. ಮಾವಿನಲ್ಲಿ ಕಾಣುವ ಕಪ್ಪು ಗೆರೆಗಳು ಹೆಚ್ಚಾಗಿ ಈ ಬಗೆಯ ಬೂಷ್ಟುಗಳು ತಮ್ಮ ತಮ್ಮ ಜಾಗಕ್ಕೆ ಹಾಕಿಕೊಂಡ ಬೇಲಿಗಳು. ಆ ಗೆರೆ ಸುತ್ತಲಿನ ಬಿಳಿ ಭಾಗಕ್ಕಿಂತ ಗಟ್ಟಿಯಾಗಿರುತ್ತದೆ. ಇದನ್ನು ನೆನಪಿಡಿ, ಸ್ಯಾಂಡ್ ಪೇಪರ್ ಹಾಕುವಾಗ ಬೇಕಾಗುತ್ತದೆ.

ಇನ್ನೊಂದು ಕಂದು ಕೊಳೆ. ಇದು ಸೆಲ್ಯುಲೋಸ್ ತಿಂದು ಲಿಗ್ನಿನ್ ಬಿಡುತ್ತದೆ. ಉಳಿಯುವುದು ಕಂದು ಬಣ್ಣದ, ಬತ್ತಿದ ಕೆರೆಯ ಅಂಗಳದಂತೆ ಚೌಕ ಚೌಕವಾಗಿ ಬಿರಿದ ಮರ. ಬೆರಳಲ್ಲಿ ತಿಕ್ಕಿದರೆ ಪುಡಿ. ಇಂಥದ್ದನ್ನು ಬಟ್ಟಲಿಗೆ ತೆಗೆದುಕೊಳ್ಳಬೇಡಿ. ಸೆಲ್ಯುಲೋಸ್ ಹೋದ ಮೇಲೆ ಮರದ ಎಳೆಗೆ ಎಳೆಯುವ ಬಲ ತಾಳುವ ಶಕ್ತಿ ಇರುವುದಿಲ್ಲ. ಅದರಲ್ಲಿ ಎಷ್ಟು ರೆಸಿನ್ ತುಂಬಿದರೂ ನೀವು ಕಡೆಯುತ್ತಿರುವುದು ಪುಡಿ ಬೆರೆಸಿದ ಪ್ಲಾಸ್ಟಿಕ್ಕನ್ನು.

ಪರೀಕ್ಷೆ ಸುಲಭ. ಉಗುರು ಒತ್ತಿ ನೋಡಿ. ಗುರುತು ಮಾತ್ರ ಬಿದ್ದರೆ ಅದು ಸ್ವಲ್ಪ ಮೆತ್ತಗಾದ ಮರ. ಉಗುರು ಒಳಗೆ ಇಳಿದರೆ ಲಡ್ಡು. ತುಂಡು ಎತ್ತಿಕೊಂಡು ಉಳಿಯ ಹಿಡಿಯಿಂದ ತಟ್ಟಿ: ಗಟ್ಟಿ ಮರ ಟಣ್ ಅನ್ನುತ್ತದೆ, ಕುಂಬಾದದ್ದು ಡಬ್ ಅನ್ನುತ್ತದೆ. ಆಮೇಲೆ ಬುಡದಲ್ಲಿ, ಚಕ್ (ತುಂಡನ್ನು ಲೇತಿಗೆ ಕಚ್ಚಿ ಹಿಡಿಯುವ ಭಾಗ) ಹಿಡಿಯುವ ಜಾಗದಲ್ಲಿ, ಒಂದು ಸ್ಕ್ರೂ ಹಾಕಿ ಬಿಗಿ ಮಾಡಿ. ಸ್ಕ್ರೂ ಕಚ್ಚದೆ ಸುಮ್ನೆ ತಿರುಗಿದರೆ ಆ ಮುಖ ಬಟ್ಟಲಿನ ಬುಡ ಆಗಬಾರದು. ಚಕ್ಕಿನ ಹಿಡಿತ ಯಾವಾಗಲೂ ಗಟ್ಟಿ ಮರದಲ್ಲೇ ಇರಬೇಕು. ಹಾಗೆ ಗಟ್ಟಿ ಭಾಗ ಸಿಗದಿದ್ದರೆ ಬೇರೆ ಒಳ್ಳೆ ಮರದ ದಪ್ಪ ಬಿಲ್ಲೆಯೊಂದನ್ನು ಬುಡಕ್ಕೆ ಅಂಟಿಸಿ ಅದನ್ನು ಚಕ್ಕಿಗೆ ಕೊಡಬಹುದು. ಆದರೆ ಅಂಟು ಕೂರುವ ಮುಖ ಲಡ್ಡಾಗಿದ್ದರೆ ಇದೂ ನಂಬಿಕೆಯದಲ್ಲ. ಅಂಟು ಬಿಡುವುದಿಲ್ಲ, ಮರವೇ ಸೀಳಿ ಬರುತ್ತದೆ.

ಒಣಗಿಸುವುದು ಮೊದಲು

ಬೂಷ್ಟನ್ನು ನಿಲ್ಲಿಸುವುದು ರೆಸಿನ್ ಅಲ್ಲ, ಒಣಗಿಸುವುದು. ಮರದ ತೇವ ಶೇಕಡಾ 20ಕ್ಕಿಂತ ಕೆಳಗೆ ಇಳಿದರೆ ಕೊಳೆಯುವುದು ನಿಲ್ಲುತ್ತದೆ. ಇದರ ಜೊತೆಗೆ ಇನ್ನೊಂದು ಕಾರಣವಿದೆ. ಮರದೊಳಗಿನ ಖಾಲಿ ಕೊಳವೆಗಳಲ್ಲಿ ನೀರು ಕೂತಿದ್ದರೆ ರೆಸಿನ್ ಎಲ್ಲಿಗೆ ಹೋಗಬೇಕು?

ದಿಮ್ಮಿಯನ್ನು ಹಾಗೇ ಒಣಗಿಸಲು ವರ್ಷಗಳು ಬೇಕು, ಬಿರುಕೂ ಬಿಡುತ್ತದೆ. ಅದಕ್ಕೆ ಒದ್ದೆ ಇರುವಾಗಲೇ ಬಟ್ಟಲನ್ನು ಒರಟಾಗಿ ಕಡೆದುಬಿಡಿ. ಗೋಡೆಯ ದಪ್ಪ ವ್ಯಾಸದ ಹತ್ತನೇ ಒಂದು ಭಾಗ ಇರಲಿ. ಅಂದರೆ 10 ಇಂಚಿನ ಬಟ್ಟಲಿಗೆ 1 ಇಂಚು. ಒದ್ದೆ ಮರ ಒಣಗಿದ್ದಕ್ಕಿಂತ ಕಮ್ಮಿ ಕಿತ್ತು ಬರುತ್ತದೆ, ದೂಳೂ ಕಮ್ಮಿ. ಆಮೇಲೆ ಕಾಗದದ ಚೀಲದಲ್ಲಿಟ್ಟು ವಾರಕ್ಕೊಮ್ಮೆ ತೂಕ ನೋಡಿ ಚೀಲದ ಮೇಲೇ ಬರೆಯಿರಿ. ತೂಕ ಇಳಿಯುವುದು ನಿಂತರೆ ನಿಮ್ಮೂರಿನ ಗಾಳಿಗೆ ಎಷ್ಟು ಒಣಗಬೇಕೋ ಅಷ್ಟು ಒಣಗಿದೆ. ಆಷಾಢದ ಮಲೆನಾಡಿನಲ್ಲಿ ಅಥವಾ ಕರಾವಳಿಯಲ್ಲಿ ಮರ ಶೇಕಡಾ 16-18ಕ್ಕಿಂತ ಕೆಳಗೆ ಇಳಿಯುವುದೇ ಕಷ್ಟ. ಅಲ್ಲಿಯವರು ಕಡೆಯುವುದನ್ನು ಮಳೆಗಾಲದಲ್ಲಿ ಮಾಡಿ, ಗಟ್ಟಿ ಮಾಡುವ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಸಣ್ಣ ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳು ಇನ್ನೂ ಒಳಗಿದೆ. ರಫ್ತಿನ ಮರದ ಪೆಟ್ಟಿಗೆಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮರದ ನಟ್ಟನಡುವೆ 56 ಡಿಗ್ರಿ ಸೆಲ್ಸಿಯಸ್ ಬಿಸಿ 30 ನಿಮಿಷ ಇರಬೇಕು. ಒರಟು ಬಟ್ಟಲು ಒಣಗಿದ ಮೇಲೆ ಅದಕ್ಕೂ ಇದೇ ಲೆಕ್ಕ ಹಿಡಿಯಬಹುದು. ಅಂಟಿನಲ್ಲಿ ಹುಳುವನ್ನು ಮುಚ್ಚಿದರೆ ಅದು ಇನ್ನೊಂದು ಕಡೆಯಿಂದ ಹೊರಬರುತ್ತದೆ.

ತೆಳು ಸೂಪರ್ ಗ್ಲೂ

ಸಯನೋಅಕ್ರಿಲೇಟ್. ಅಂಗಡಿಯಲ್ಲಿ ಫೆವಿಕ್ವಿಕ್ ಅಂತ ಕೇಳಿದರೆ ಕೊಡುವ ಜಾತಿಯ ಅಂಟು. ಬಟ್ಟಲಿಗೆ ಬೇಕಾದದ್ದು ನೀರಿನಷ್ಟು ತೆಳು ಇರುವುದು, ಜೆಲ್ ಅಲ್ಲ. ಪುಟ್ಟ ಟ್ಯೂಬ್ ಸಾಲದು, ದೊಡ್ಡ ಬಾಟಲಿ ತನ್ನಿ.

ಇದರ ದೊಡ್ಡ ಗುಣ ಅಂದರೆ ಕೆಲಸದ ನಡುವೆಯೇ ಬಳಸಬಹುದು. ಕಡೆಯುತ್ತಾ ಹೋದಂತೆ ಒಂದು ಕಡೆ ಎಳೆ ಕಿತ್ತು ಬರುತ್ತಿದೆ ಅನ್ನಿಸಿದರೆ ಲೇತ್ ನಿಲ್ಲಿಸಿ, ಅಂಟು ಹನಿಸಿ, ಗಟ್ಟಿಯಾದ ಮೇಲೆ ಹರಿತ ಮಾಡಿದ ಉಳಿಯಿಂದ ಮತ್ತೆ ತೆಳುವಾಗಿ ತೆಗೆಯಬಹುದು. ಬೇಕಾದಲ್ಲಿ ಮಾತ್ರ, ಬೇಕಾದಷ್ಟು ಮಾತ್ರ. ಬಟ್ಟಲಲ್ಲಿ ಈ ಜಾಗ ಎಲ್ಲಿ ಅಂತ ಮೊದಲೇ ಹೇಳಬಹುದು. ಅಡ್ಡ ಎಳೆಯ ಬಟ್ಟಲು (ಮರದ ಎಳೆ ಲೇತಿನ ಅಕ್ಷಕ್ಕೆ ಅಡ್ಡವಾಗಿರುವುದು) ಒಂದು ಸುತ್ತು ಬರುವಷ್ಟರಲ್ಲಿ ಎರಡು ಕಡೆ, ಎದುರುಬದುರಾಗಿ, ಎಳೆಗಳ ತುದಿ ಹೊರಗೆ ಕಾಣುತ್ತದೆ. ಕಿತ್ತು ಬರುವುದು ಅಲ್ಲೇ. ಅದೃಷ್ಟಕ್ಕೆ ಅಂಟು ಚೆನ್ನಾಗಿ ಇಳಿಯುವುದೂ ಅಲ್ಲೇ. ಯಾವ ದ್ರವವಾದರೂ ಮರದೊಳಗೆ ಎಳೆಯ ಉದ್ದಕ್ಕೆ ಹರಿಯುತ್ತದೆ, ಅಡ್ಡಕ್ಕೆ ಬಹಳ ಕಮ್ಮಿ.

ತೊಂದರೆಗಳು ಹೀಗಿವೆ. ಅಂಟು ಇಳಿದ ಜಾಗ ಕಪ್ಪಾಗಿ ಕಾಣುತ್ತದೆ. ಪಕ್ಕದ ಬಿಳಿ ಮರಕ್ಕೆ ತಾಕಿದರೆ ಕಲೆ ಉಳಿಯುತ್ತದೆ, ಆಮೇಲೆ ಪಾಲಿಶ್ ಹಾಕಿದಾಗ ಅದು ಎದ್ದು ಕಾಣುತ್ತದೆ. ಇದಕ್ಕೆ ಪರಿಹಾರ, ಅಂಟಿಗೆ ಮೊದಲು ಸುತ್ತಲಿನ ಗಟ್ಟಿ ಮರಕ್ಕೆ ತೆಳು ಅರಗಿನ ಒಂದು ಕೋಟ್ ಕೊಡುವುದು. ಸುತ್ತಿನ ಒಂದು ಭಾಗಕ್ಕೆ ಹಚ್ಚುವ ಬದಲು ಗೋಡೆಯ ಪೂರ್ತಿ ಪಟ್ಟಿಗೇ ಹಚ್ಚಿದರೆ ಬಣ್ಣವಾದರೂ ಒಂದೇ ಸಮ ಬರುತ್ತದೆ. ಬೇಗ ಗಟ್ಟಿಯಾಗಲಿ ಅಂತ ಆಕ್ಸಿಲರೇಟರ್ ಜಾಸ್ತಿ ಸಿಂಪಡಿಸಿದರೆ ಅಂಟು ಕುದಿದು ಬಿಳಿ ನೊರೆಯಾಗುತ್ತದೆ. ಗಾಳಿಯ ತೇವದಿಂದಲೇ ಇದು ಗಟ್ಟಿಯಾಗುವುದರಿಂದ ಮಳೆಗಾಲದಲ್ಲಿ ಆಕ್ಸಿಲರೇಟರ್ ಬೇಕಾಗುವುದು ಅಪರೂಪ. ಅದೇ ಕಾರಣಕ್ಕೆ ಮುಚ್ಚಳ ತೆರೆದ ಬಾಟಲಿ ಮಳೆಗಾಲದಲ್ಲಿ ಬೇಗ ಕೆಡುತ್ತದೆ.

ಹತ್ತಿ ಬಟ್ಟೆಯಿಂದ ಇದನ್ನು ಒರೆಸಬೇಡಿ. ಹತ್ತಿಗೆ ತಾಕಿದರೆ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯೂ ಬರುತ್ತದೆ. ಹತ್ತಿ ಅಂಗಿಯ ತೋಳಿನ ಮೇಲೆ ಚೆಲ್ಲಿದರೂ ಅಷ್ಟೇ. ಕಣ್ಣಿಗೆ ಕನ್ನಡಕ, ಕಿಟಕಿ ತೆರೆದ ಕೋಣೆ, ಇವಿಲ್ಲದೆ ಶುರು ಮಾಡಬೇಡಿ.

ಅಲ್ಲಲ್ಲಿ ಮಾತ್ರ ಮೆತ್ತಗಾದ ಬಟ್ಟಲಿಗೆ ನನ್ನ ಮೊದಲ ಆಯ್ಕೆ ಇದೇ. ಇಡೀ ಬಟ್ಟಲೇ ಲಡ್ಡಾಗಿದ್ದರೆ ಇದು ಸರಿಯಲ್ಲ. ಬಾಟಲಿ ಮೇಲೆ ಬಾಟಲಿ ಖಾಲಿಯಾಗುತ್ತದೆ, ಆದರೂ ಕೆಲವು ಮಿಲಿಮೀಟರ್ ಮಾತ್ರ ಗಟ್ಟಿಯಾಗಿರುತ್ತದೆ. ಮುಂದಿನ ಸುತ್ತಿನಲ್ಲಿ ಉಳಿ ಅದನ್ನು ತೆಗೆದುಹಾಕುತ್ತದೆ.

ಅರಗು ಮತ್ತು ಫೆವಿಕಾಲ್

ಚನ್ನಪಟ್ಟಣದ ಕುಶಲಿಗಳು ಆಲೆ ಮರದ ಗೊಂಬೆಯ ಮೇಲೆ ಅರಗಿನ ಕಡ್ಡಿ ಒತ್ತಿ, ತಿರುಗುವ ಬಿಸಿಗೆ ಅದನ್ನು ಕರಗಿಸಿ ಬಣ್ಣ ಕೂರಿಸುತ್ತಾರೆ. ಅದು ಮೇಲ್ಮೈ ಕೆಲಸ. ಲಡ್ಡು ಮರಕ್ಕೆ ಬೇಕಾದದ್ದು ಸ್ಪಿರಿಟ್‌ನಲ್ಲಿ ಕರಗಿದ ತೆಳು ಅರಗು: 100 ಮಿಲಿ ಸ್ಪಿರಿಟ್‌ಗೆ 10-12 ಗ್ರಾಂ ಅರಗಿನ ಚಕ್ಕೆ. ಬೇಗ ಒಣಗುತ್ತದೆ, ಅಗ್ಗ, ಎಳೆಗಳನ್ನು ಎದ್ದು ನಿಲ್ಲಿಸಿ ಬಿಗಿ ಮಾಡುತ್ತದೆ. ಕೊನೆಯ ಒಂದೆರಡು ತೆಳು ಕಟ್‌ಗೆ ಮುಂಚೆ ಹಚ್ಚಿದರೆ ಎಳೆ ಕೀಳುವುದು ಎಷ್ಟೋ ಕಮ್ಮಿಯಾಗುತ್ತದೆ. ಆದರೆ ಇದು ಬಲ ಕೊಡುವುದಿಲ್ಲ. ಉಗುರಿನ ಗುರುತು ಮಾತ್ರ ಬೀಳುವ ಮರಕ್ಕೆ ಸಾಕು, ಉಗುರು ಇಳಿಯುವ ಮರಕ್ಕೆ ಸಾಲದು.

ಫೆವಿಕಾಲ್‌ಗೆ ನೀರು ಬೆರೆಸಿ ಕುಡಿಸುವವರಿದ್ದಾರೆ. ನನಗೆ ಇದು ಹಿಡಿಸುವುದಿಲ್ಲ. ಒಣಗಿಸಿದ ಮರಕ್ಕೆ ಮತ್ತೆ ನೀರು ಕೊಟ್ಟಂತಾಗುತ್ತದೆ. ಅಂಟು ಮೇಲೇ ನಿಲ್ಲುತ್ತದೆ. ಸ್ಯಾಂಡ್ ಪೇಪರ್‌ನ ಬಿಸಿಗೆ ಮೆತ್ತಗಾಗಿ ಪೇಪರನ್ನು ಕಟ್ಟಿಸುತ್ತದೆ.

ಅಸಿಟೋನ್‌ನಲ್ಲಿ ಕರಗಿಸಿದ ಅಕ್ರಿಲಿಕ್

ಮ್ಯೂಸಿಯಂಗಳಲ್ಲಿ ಹುಳು ತಿಂದ ಹಳೆಯ ಮರದ ವಿಗ್ರಹ, ಚೌಕಟ್ಟುಗಳನ್ನು ಉಳಿಸುವವರು ಬಹಳ ವರ್ಷಗಳಿಂದ ನೆಚ್ಚಿಕೊಂಡಿರುವುದು ಪ್ಯಾರಲಾಯ್ಡ್ ಬಿ-72 ಅನ್ನುವ ಅಕ್ರಿಲಿಕ್ ರೆಸಿನ್. ಗಾಜಿನ ಹರಳಿನಂಥ ಕಾಳುಗಳ ರೂಪದಲ್ಲಿ ಬರುತ್ತದೆ. 100 ಮಿಲಿ ಅಸಿಟೋನ್‌ಗೆ 5ರಿಂದ 10 ಗ್ರಾಂ ಹಾಕಿ ಒಂದು ರಾತ್ರಿ ಬಿಟ್ಟರೆ ಕರಗಿರುತ್ತದೆ. ಹೊರದೇಶಗಳಲ್ಲಿ ವುಡ್ ಹಾರ್ಡನರ್ ಅಂತ ಡಬ್ಬಿಯಲ್ಲಿ ಸಿಗುವ ಹಲವು ಸರಕುಗಳ ಕೆಲಸದ ರೀತಿಯೂ ಇದೇ: ರೆಸಿನ್ ಕರಗಿದ ತೆಳು ದ್ರವ ಒಳಗೆ ಇಳಿಯುತ್ತದೆ, ದ್ರವ ಆವಿಯಾಗುತ್ತದೆ, ರೆಸಿನ್ ಉಳಿಯುತ್ತದೆ.

ಇದರಲ್ಲಿ ನನಗೆ ಇಷ್ಟವಾಗುವುದು ಬಣ್ಣ. ಮರ ಹೆಚ್ಚು ಕಪ್ಪಾಗುವುದಿಲ್ಲ, ವರ್ಷಗಳ ಮೇಲೂ ಹಳದಿಯಾಗುವುದಿಲ್ಲ. ಮಾವಿನ ಬಿಳಿ ಪಟ್ಟೆ ಬಿಳಿಯಾಗಿಯೇ ಉಳಿಯಬೇಕು ಅಂದರೆ ಇದನ್ನೇ ನೋಡಿ. ಒರಟು ಬಟ್ಟಲನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಬಿಡಿ. ತೆಗೆದ ಮೇಲೆ ನಿಧಾನವಾಗಿ, ಚೀಲದಲ್ಲಿ ಸಡಿಲಾಗಿ ಮುಚ್ಚಿ ಒಣಗಿಸಬೇಕು. ಬೇಗ ಒಣಗಿಸಿದರೆ ಆವಿಯಾಗುವ ಅಸಿಟೋನ್ ರೆಸಿನ್ನನ್ನೂ ಮೇಲ್ಮೈಗೆ ಎಳೆದುಕೊಂಡು ಬರುತ್ತದೆ. ಹೊರಗೆ ಹೊಳೆಯುವ ಪೊರೆ, ಒಳಗೆ ಹಳೆ ಲಡ್ಡು.

ದ್ರಾವಣದಲ್ಲಿ ಹತ್ತನೇ ಒಂದು ಭಾಗ ಮಾತ್ರ ರೆಸಿನ್ ಇರುವುದರಿಂದ ಕೊಡುವ ಬಲಕ್ಕೂ ಮಿತಿಯಿದೆ. ಇನ್ನೂ ಒಂದು ಮಾತು. ಬಿ-72 ಸುಮಾರು 40 ಡಿಗ್ರಿಗೆ ಮೆತ್ತಗಾಗಲು ಶುರುವಾಗುತ್ತದೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಇದಕ್ಕಿಂತ ಬಿಸಿ. ಕಾರಿನೊಳಗೆ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡುವ ಬಟ್ಟಲಿಗೆ ಇದು ಬೇಡ. ಸ್ಯಾಂಡ್ ಪೇಪರನ್ನು ಕಮ್ಮಿ ವೇಗದಲ್ಲಿ, ಒತ್ತದೆ ಹಾಕಬೇಕಾಗುವುದೂ ಇದೇ ಕಾರಣಕ್ಕೆ. ಅಸಿಟೋನ್ ಬಹಳ ಬೇಗ ಬೆಂಕಿ ಹಿಡಿಯುವ ದ್ರವ. ಮೋಟರ್ ಸ್ವಿಚ್ಚಿನ ಕಿಡಿಯೂ ಸಾಕು. ಈ ಕೆಲಸ ಲೇತ್ ಇರುವ ಕೋಣೆಯಲ್ಲಿ ಬೇಡ, ಅಂಗಳದಲ್ಲಿ ಮಾಡಿ.

ಎಪಾಕ್ಸಿ

ಎರಡು ಭಾಗದ ಅಂಟು: ರೆಸಿನ್, ಅದನ್ನು ಗಟ್ಟಿ ಮಾಡುವ ಹಾರ್ಡನರ್. ಸಾಮಾನ್ಯ ಅರಾಲ್ಡೈಟ್ ದಪ್ಪ, ಬಿರುಕು ತುಂಬಲು ಸರಿ, ಒಳಗೆ ಇಳಿಯಲಾರದು. ಬೇಕಾದದ್ದು ಫೈಬರ್ ಗ್ಲಾಸ್ ಕೆಲಸಕ್ಕೆ ಬಳಸುವ ತೆಳು ಲ್ಯಾಮಿನೇಟಿಂಗ್ ಎಪಾಕ್ಸಿ ಮತ್ತು ನಿಧಾನದ ಹಾರ್ಡನರ್. ಡಬ್ಬಿ ಹೇಳಿದ ಅಳತೆಯನ್ನು ತಕ್ಕಡಿಯಲ್ಲಿ ತೂಗಿಯೇ ಬೆರೆಸಿ, ಕಣ್ಣಳತೆ ಬೇಡ. ತೆಳುವಾಗಲಿ ಅಂತ ಅಸಿಟೋನ್ ಬೆರೆಸುವ ರೂಢಿಯಿದೆ. ಹಾಗೆ ಮಾಡಿದರೆ ಬಲವೇ ಹೋಗುತ್ತದೆ, ದಪ್ಪ ಭಾಗದಲ್ಲಿ ಒಣಗದೆ ಉಳಿಯುವುದೂ ಇದೆ.

ಅದಕ್ಕಿಂತ ಒಳ್ಳೆಯ ಉಪಾಯ ದೋಣಿ ಕಟ್ಟುವವರದ್ದು. ಅಂಟನ್ನು ಬಿಸಿ ಮಾಡದೆ ಮರವನ್ನು ಬೆಚ್ಚಗೆ ಮಾಡುತ್ತಾರೆ. ಒರಟು ಬಟ್ಟಲನ್ನು 50 ಡಿಗ್ರಿಯ ಹತ್ತಿರಕ್ಕೆ ಬಿಸಿ ಮಾಡಿ, ಬಿಸಿಯ ಮೂಲದಿಂದ ದೂರ ತಂದು, ಎಪಾಕ್ಸಿ ಹಚ್ಚಿ. ಮರ ತಣ್ಣಗಾಗುತ್ತಾ ಹೋದಂತೆ ಒಳಗಿನ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮರ ಕುಡಿಯುವುದು ನಿಲ್ಲುವವರೆಗೆ ಹಚ್ಚುತ್ತಲೇ ಇರಿ. ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಿಕೊಳ್ಳಿ. ಬೆರೆಸಿದ ಲೋಟದಲ್ಲಿ ರಾಶಿಯಾಗಿ ಉಳಿದ ಎಪಾಕ್ಸಿ ತನ್ನ ಬಿಸಿಗೆ ತಾನೇ ಕುದಿಯುತ್ತದೆ.

ಒಮ್ಮೆ ಗಟ್ಟಿಯಾದರೆ ಇದು ಬಲವಾದದ್ದು. ಬಿರುಕು, ಹುಳುವಿನ ತೂತು, ಲಡ್ಡು ಎಲ್ಲವೂ ಒಂದೇ ಬಟ್ಟಲಲ್ಲಿ ಇದ್ದರೆ ಎಪಾಕ್ಸಿ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ. ಆದರೆ ಮರ ಒದ್ದೆಯಾದಂತೆ ಕಪ್ಪಾಗಿಯೇ ಉಳಿಯುತ್ತದೆ. ಚರ್ಮಕ್ಕೆ ಮತ್ತೆ ಮತ್ತೆ ತಾಕಿದರೆ ಜೀವನಪೂರ್ತಿ ಉಳಿಯುವ ಅಲರ್ಜಿ ಬರಬಹುದು. ನೈಟ್ರೈಲ್ ಕೈಗವಸು ಹಾಕಿಕೊಳ್ಳಲೇಬೇಕು.

ವ್ಯಾಕ್ಯೂಮ್ ಮತ್ತು ಬಿಸಿಗೆ ಗಟ್ಟಿಯಾಗುವ ರೆಸಿನ್

ಎಲ್ಲಕ್ಕಿಂತ ಆಳಕ್ಕೆ ಹೋಗುವ ದಾರಿ ಇದು. ಅಮೆರಿಕದ ಕ್ಯಾಕ್ಟಸ್ ಜ್ಯೂಸ್ ಇದರಲ್ಲಿ ಹೆಸರಾದದ್ದು. ಮೆಥಾಕ್ರಿಲೇಟ್ ಜಾತಿಯ, ನೀರಿನಷ್ಟೇ ತೆಳ್ಳಗಿನ ರೆಸಿನ್. ಮರವನ್ನು ಅದರಲ್ಲಿ ಮುಳುಗಿಸಿ ಮೇಲಕ್ಕೆ ಬರದಂತೆ ಭಾರ ಇಟ್ಟು ವ್ಯಾಕ್ಯೂಮ್ ಹಾಕಬೇಕು. ಮರದೊಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಗುಳ್ಳೆ ನಿಂತ ಮೇಲೆ ಗಾಳಿ ಬಿಟ್ಟರೆ ಹೊರಗಿನ ಒತ್ತಡವೇ ರೆಸಿನ್ನನ್ನು ಒಳಗೆ ತಳ್ಳುತ್ತದೆ. ಅಂದರೆ ರೆಸಿನ್ ತುಂಬಿಕೊಳ್ಳುವುದು ವ್ಯಾಕ್ಯೂಮ್ ಇದ್ದಾಗ ಅಲ್ಲ, ಬಿಟ್ಟ ಮೇಲೆ. ಅದಕ್ಕೇ ವ್ಯಾಕ್ಯೂಮ್ ಇಟ್ಟ ಹೊತ್ತಿನ ಎರಡು ಪಟ್ಟಾದರೂ ಅದನ್ನು ಹಾಗೇ ನೆನೆಯಲು ಬಿಡಬೇಕು. ಆಮೇಲೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಸುಮಾರು 95 ಡಿಗ್ರಿಯ ಓವನ್ನಿನಲ್ಲಿ ಬೇಯಿಸಬೇಕು. ಅಡುಗೆಗೆ ಬಳಸುವ ಓವನ್ ಇದಕ್ಕೆ ಬೇಡ.

ಬೆಂಗಳೂರಿನವರಿಗೆ ಒಂದು ಸೂಚನೆ. ಹೊರದೇಶದ ವಿಡಿಯೋಗಳಲ್ಲಿ ವ್ಯಾಕ್ಯೂಮ್ ಮೀಟರ್ 29 ಇಂಚು (ಪಾದರಸದ ಮಟ್ಟದಲ್ಲಿ ಒತ್ತಡದ ಅಳತೆ) ತೋರಿಸಬೇಕು ಅನ್ನುತ್ತಾರೆ. ಅದು ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರು 900 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಸುಮಾರು 27 ಇಂಚು. ಪಂಪ್ ಎಷ್ಟೇ ಒಳ್ಳೆಯದಿದ್ದರೂ ಮೀಟರ್ ಅದನ್ನು ದಾಟುವುದಿಲ್ಲ. ಪಂಪ್ ಕೆಟ್ಟಿದೆ ಅಂತ ತಿಳಿಯಬೇಡಿ. ಮಂಗಳೂರಿನಲ್ಲಿ ಅದೇ ಪಂಪ್ 29 ತೋರಿಸಬಹುದು. ಎಸಿ ರಿಪೇರಿಯವರು ಬಳಸುವ ಪಂಪ್ ಇದಕ್ಕೆ ಸಾಕು. ಮನೆಯ ಗಾಜಿನ ಜಾಡಿ ಮಾತ್ರ ಬೇಡ, ವ್ಯಾಕ್ಯೂಮ್‌ಗೆ ಒಡೆದು ಸಿಡಿಯಬಹುದು.

ಇದಕ್ಕೆ ಮರ ಪೂರ್ತಿ ಒಣಗಿರಬೇಕು. ಗಾಳಿಗೆ ಒಣಗಿದ್ದು ಸಾಲದು. 105 ಡಿಗ್ರಿಯಲ್ಲಿಟ್ಟು ತೂಕ ಇಳಿಯುವುದು ನಿಲ್ಲಬೇಕು, ಮುಚ್ಚಿದ ಚೀಲದಲ್ಲಿ ತಣ್ಣಗಾಗಬೇಕು. ನೀರು ಉಳಿದಿದ್ದರೆ ವ್ಯಾಕ್ಯೂಮ್‌ನಲ್ಲಿ ಅದೇ ಕುದಿಯುತ್ತಾ ಗುಳ್ಳೆ ಬಿಡುತ್ತದೆ, ರೆಸಿನ್ನೂ ಕೆಡುತ್ತದೆ.

ಈಗ ಲೆಕ್ಕ ನೋಡಿ. 25 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ತುಂಡು ಅಂದರೆ ಹತ್ತಿರ ಹತ್ತಿರ 5 ಲೀಟರ್ ಮರ. ಹಗುರಾದ ಲಡ್ಡು ಮಾವು ಎರಡು ಕಿಲೋ ತೂಗಿದರೆ, ಇಂಥ ಮರ ತನ್ನ ತೂಕದಷ್ಟೇ ರೆಸಿನ್ ಕುಡಿಯಬಹುದು. ಆಮೇಲೆ ಬಟ್ಟಲು ಕಡೆಯುವಾಗ ಅದರಲ್ಲಿ ಹೆಚ್ಚಿನ ಪಾಲು ಹೊಟ್ಟಾಗಿ ನೆಲಕ್ಕೆ ಬೀಳುತ್ತದೆ! ಅದಕ್ಕೇ ಇಡೀ ತುಂಡಿಗೆ ವ್ಯಾಕ್ಯೂಮ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಪೆನ್ನು, ಚಾಕುವಿನ ಹಿಡಿ, ಪುಟ್ಟ ಡಬ್ಬಿಗಳಿಗೆ ಇದು ಅತ್ಯುತ್ತಮ. ಬಟ್ಟಲಿಗೇ ಬೇಕೆಂದರೆ ಒರಟಾಗಿ ಕಡೆದು, ಒಣಗಿಸಿ, ಆ ಟೊಳ್ಳು ಬಟ್ಟಲಿಗೆ ಹಾಕಿ. ರೆಸಿನ್ ಅರ್ಧಕ್ಕಿಂತ ಕಮ್ಮಿ ಸಾಕು. ಬೀಟೆಯಂಥ ಎಣ್ಣೆಯಂಶದ ಗಟ್ಟಿ ಮರಕ್ಕೆ ಇದು ಇಳಿಯುವುದೇ ಇಲ್ಲ, ಪ್ರಯತ್ನವೇ ಬೇಡ.

ಪಿಇಜಿ ಬೇರೆ ಕೆಲಸದ ವಸ್ತು

ಸ್ವೀಡನ್ನಿನ ವಾಸಾ ಹಡಗು 1628ರಲ್ಲಿ ಮುಳುಗಿತು, 1961ರಲ್ಲಿ ಅದನ್ನು ಮೇಲೆತ್ತಿದರು. ಆಮೇಲೆ 17 ವರ್ಷ ಅದರ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ (ಪಿಇಜಿ) ಸಿಂಪಡಿಸಿ ಉಳಿಸಿಕೊಂಡರು. ಇದನ್ನು ಕೇಳಿದವರು ಲಡ್ಡು ಬಟ್ಟಲಿಗೂ ಪಿಇಜಿ ಆಗಬಹುದಾ ಅಂತ ಕೇಳುತ್ತಾರೆ. ಅದು ನೀರಿನ ಜಾಗದಲ್ಲಿ ಕೂತು ಮರ ಕುಗ್ಗದಂತೆ, ಬಿರಿಯದಂತೆ ನೋಡಿಕೊಳ್ಳುತ್ತದೆ. ಒದ್ದೆ ಮರಕ್ಕೇ ಅದನ್ನು ಹಾಕುವುದು. ಗಟ್ಟಿ ಮಾಡುವುದು ಅದರ ಕೆಲಸ ಅಲ್ಲ. ನಮ್ಮ ಮಳೆಗಾಲದ ಗಾಳಿಗೆ ಅದು ತೇವ ಹೀರಿ ಅಂಟಂಟಾಗುತ್ತದೆ, ಮೇಲೆ ಪಾಲಿಶ್ ಕೂರುವುದೂ ಕಷ್ಟ.

ಹಾಗಾದರೆ ಯಾವಾಗ ಯಾವುದು?

ಉಗುರಿನ ಗುರುತು ಮಾತ್ರ ಬೀಳುವ ಮರಕ್ಕೆ ಹರಿತ ಉಳಿ ಮತ್ತು ತೆಳು ಅರಗು ಸಾಕು. ಉಳಿ ಮೊಂಡಾಗಿದ್ದರೆ ಯಾವ ರೆಸಿನ್ನೂ ಕಾಪಾಡುವುದಿಲ್ಲ. ಅಂಗೈಯಗಲದ ಒಂದೆರಡು ಮೆತ್ತನೆ ಜಾಗಗಳಿದ್ದರೆ ಸೂಪರ್ ಗ್ಲೂ. ಗೋಡೆಯ ಸುತ್ತಲೂ ಒಂದೇ ಸಮ ಮೆತ್ತಗಿದ್ದು ಬಣ್ಣ ಉಳಿಯಬೇಕೆಂದರೆ ಬಿ-72. ಬಿರುಕು, ತೂತು ಜಾಸ್ತಿ ಇದ್ದು ಬಣ್ಣ ಕಪ್ಪಾದರೂ ಪರವಾಗಿಲ್ಲ ಅಂದರೆ ಬೆಚ್ಚಗಿನ ಮರಕ್ಕೆ ಎಪಾಕ್ಸಿ. ಬುಡ ಗಟ್ಟಿ, ಉಳಿದದ್ದೆಲ್ಲ ಉಗುರು ಇಳಿಯುವಷ್ಟು ಲಡ್ಡು, ಆದರೆ ಗೆರೆಗಳು ಬಿಡಲಾರದಷ್ಟು ಚಂದ, ಆಗ ಮಾತ್ರ ವ್ಯಾಕ್ಯೂಮ್.

ಯಾವುದನ್ನೇ ಆರಿಸಿದರೂ ಮುಖಕ್ಕೆ ಪೂರ್ತಿ ಶೀಲ್ಡ್ ಮತ್ತು ಎನ್-95 ಮಾಸ್ಕ್ ಇರಲಿ. ಲಡ್ಡು ಮರದ ದೂಳಿನಲ್ಲಿ ಬೂಷ್ಟಿನ ಕಣಗಳೂ ಇರುತ್ತವೆ, ಉಸಿರಾಟಕ್ಕೆ ಒಳ್ಳೆಯದಲ್ಲ. ವೇಗಕ್ಕೆ ಕಡೆಯುವವರ ಹಳೆಯ ಲೆಕ್ಕವೊಂದಿದೆ: ಇಂಚಿನಲ್ಲಿ ವ್ಯಾಸವನ್ನು ನಿಮಿಷದ ಸುತ್ತಿನಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು. 10 ಇಂಚಿಗೆ 600ರಿಂದ 900 ಸುತ್ತು. ಲಡ್ಡು ಮರಕ್ಕೆ 600ನ್ನೂ ದಾಟಬೇಡಿ. ಶುರು ಮಾಡುವಾಗ ತಿರುಗುವ ತುಂಡಿನ ನೇರಕ್ಕೆ ನಿಲ್ಲಬೇಡಿ.

ಸ್ಯಾಂಡ್ ಪೇಪರ್ ಹಾಕುವಾಗ ಬೆರಳಿನಿಂದ ಒತ್ತಿದರೆ ಮೆತ್ತನೆ ಭಾಗ ಸವೆದು ಕಪ್ಪು ಗೆರೆಗಳು ಏರಿಯಂತೆ ಉಳಿಯುತ್ತವೆ. ಗಟ್ಟಿ ರಬ್ಬರ್ ಪ್ಯಾಡ್ ಹಿಂದೆ ಇಟ್ಟು ಹಾಕಿ. ಪಾಲಿಶ್ ವಿಷಯಕ್ಕೆ ಬಂದರೆ, ಬಿ-72 ಕುಡಿದ ಬಟ್ಟಲಿಗೆ ಥಿನ್ನರ್ ಇರುವ ಲ್ಯಾಕರ್ ಬೇಡ, ಒಳಗಿನ ರೆಸಿನ್ ಮತ್ತೆ ಕರಗುತ್ತದೆ. ಒಣಗುವ ಎಣ್ಣೆ ಹಚ್ಚಿ. ಎಪಾಕ್ಸಿ ಅಥವಾ ಬಿಸಿಗೆ ಗಟ್ಟಿಯಾದ ರೆಸಿನ್ ಇರುವ ಕಡೆ ಎಣ್ಣೆ ಇಳಿಯುವುದಿಲ್ಲ, ಮೇಲೇ ಅಂಟಾಗಿ ನಿಲ್ಲುತ್ತದೆ. ಅಂಥ ಬಟ್ಟಲನ್ನು ನುಣುಪಾದ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಬಫ್ ಮಾಡಿ (ಬಟ್ಟೆಯ ಚಕ್ರದಲ್ಲಿ ತಿಕ್ಕಿ ಹೊಳಪು ಕೊಟ್ಟು), ಮೇಣ ಹಾಕಿದರೆ ಸಾಕು. ಈ ಬಟ್ಟಲುಗಳಲ್ಲಿ ಬಿಸಿ ಸಾರು, ಮೊಸರು ಹಾಕಬೇಡಿ. ಒಣ ಹಣ್ಣು, ಸಿಪ್ಪೆ ಇರುವ ಕಡಲೆಕಾಯಿ, ಬೀಗದ ಕೈ ಇಡಬಹುದು. ಅಂಟು ಹಚ್ಚಿದ ಮಾರನೇ ದಿನವೇ ಯಾರಿಗೂ ಕೊಡಬೇಡಿ, ವಾಸನೆ ಪೂರ್ತಿ ಹೋಗುವವರೆಗೆ ಗಾಳಿಯಾಡುವ ಜಾಗದಲ್ಲಿ ಇಡಿ.